ಎರಡು ಬುಗ್ಗೆ, ಇಬ್ಬರು ಮಾಲೀಕರು: ಕೂರ್ನೊ ಹಾಕಿದ ಲೆಕ್ಕ

[ಪರದೆ: ಅಕ್ಕಪಕ್ಕದಲ್ಲೇ ಎರಡು ನೀರಿನ ಬುಗ್ಗೆ]

ಖನಿಜ ನೀರಿನ ಎರಡು ಬುಗ್ಗೆ. ನೀರು ಒಂದೇ ಥರ, ಮಾಲೀಕರು ಬೇರೆ ಬೇರೆ. ತಾನಾಗೇ ಉಕ್ಕೋ ನೀರು, ಖರ್ಚು ಸೊನ್ನೆ. ಯಾರು ಎಷ್ಟು ಮಾರ್ತಾರೆ? 1838ರಲ್ಲಿ ಒಂದು ಪುಸ್ತಕ ಬರೆದು, ಇದನ್ನ ಸಮೀಕರಣ ಹಾಕಿ ಬಿಡಿಸಿದವರು ಫ್ರಾನ್ಸಿನ ಆಂತ್ವಾನ್ ಆಗಸ್ಟಿನ್ ಕೂರ್ನೊ.

ಹುಟ್ಟಿದ್ದು 1801ರಲ್ಲಿ, ಗ್ರೇ ಅನ್ನೋ ಊರಲ್ಲಿ. ಓದಿದ್ದು ಗಣಿತ. ಹತ್ತು ವರ್ಷ ಒಬ್ಬ ಮಾರ್ಷಲ್ ಮನೆಯಲ್ಲಿ ಮಗನಿಗೆ ಪಾಠ, ಅಪ್ಪನಿಗೆ ಕಾರ್ಯದರ್ಶಿ. 1834ರಲ್ಲಿ ಗಣಿತಜ್ಞ ಪ್ವಾಸೋಂ ಬೆಂಬಲದಿಂದ ಲಿಯೋನ್‌ನಲ್ಲಿ ಪ್ರಾಧ್ಯಾಪಕ. ಮುಂದೆಲ್ಲ ಶಿಕ್ಷಣ ಇಲಾಖೆಯ ಆಡಳಿತವೇ.

[ಪರದೆ: ಬೆಲೆ = 12 − ಒಟ್ಟು ಪೀಪಾಯಿ]

ಈಗ ಲೆಕ್ಕ. ಅಂಕಿಗಳು ನಮ್ಮವು, ವಿಧಾನ ಅವರದು. ಹನ್ನೆರಡರಲ್ಲಿ ಮಾರಾಟಕ್ಕೆ ಬಂದ ಪೀಪಾಯಿ ಕಳೆದರೆ ಉಳಿಯೋದು ಒಂದು ಪೀಪಾಯಿಯ ಬೆಲೆ, ಫ್ರಾಂಕ್‌ನಲ್ಲಿ. ಒಬ್ಬನೇ ಮಾಲೀಕ ಇದ್ದರೆ 6 ಪೀಪಾಯಿ ಬಿಡ್ತಾನೆ, ಬೆಲೆ 6, ಗಳಿಕೆ 36: ಹನ್ನೆರಡರಲ್ಲಿ ಅರ್ಧ ಬಿಟ್ಟಾಗಲೇ ಗಳಿಕೆ ಅತಿ ಹೆಚ್ಚು.

ಎರಡನೆಯವನು ಬಂದ. ಎದುರಿನವನ 6 ಕದಲಲ್ಲ ಅಂದುಕೊಂಡು, ಉಳಿದ ಆರರಲ್ಲಿ ಅರ್ಧ, ಅಂದರೆ 3 ಬಿಡ್ತಾನೆ. ಅದನ್ನ ನೋಡಿ ಮೊದಲನೆಯವನು ಹನ್ನೆರಡರಲ್ಲಿ ಮೂರು ಕಳೆದು ಅರ್ಧ ಮಾಡ್ತಾನೆ: 4.5. ಎರಡನೆಯವನು 3.75. ಹೀಗೇ ಜಗ್ಗಾಡಿ ಇಬ್ಬರೂ ನಾಲ್ಕಕ್ಕೆ ಬಂದು ನಿಲ್ತಾರೆ. ಬೆಲೆ 4, ತಲಾ 16 ಫ್ರಾಂಕ್. ಇಲ್ಲಿಂದ ಒಬ್ಬನೇ ಕದಲಿದರೆ ಅವನಿಗೆ ಲಾಭ ಇಲ್ಲ; ಇಂಥ ನೆಲೆಗೆ ಇವತ್ತಿನ ಹೆಸರು ನ್ಯಾಶ್ ಸಮತೋಲನ. ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ಅದನ್ನ ಬರೆದದ್ದು 1950ರಲ್ಲಿ!

ಇಬ್ಬರೂ ಮಾತಾಡಿಕೊಂಡು ತಲಾ 3 ಬಿಟ್ಟರೆ ತಲಾ 18 ಸಿಗುತ್ತಲ್ಲ? ಸಿಗುತ್ತೆ, ಆದರೆ ಆ ಒಪ್ಪಂದ ನಿಲ್ಲಲ್ಲ. ಒಬ್ಬ ಗುಟ್ಟಾಗಿ 4.5 ಬಿಟ್ಟ ಅನ್ನಿ. ಬೆಲೆ ನಾಲ್ಕೂವರೆಗೆ ಇಳಿಯುತ್ತೆ. ಮಾತು ತಪ್ಪಿದವನಿಗೆ 20.25, ಮಾತಿಗೆ ನಿಂತವನಿಗೆ 13.5.

ಕೂರ್ನೊ ಅವರ ಆ ಪುಸ್ತಕ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಅರ್ಥಶಾಸ್ತ್ರದಲ್ಲಿ ಕಲನಶಾಸ್ತ್ರ (ಕ್ಯಾಲ್ಕುಲಸ್) ನೋಡಿ ಅಭ್ಯಾಸವೇ ಇಲ್ಲದ ಕಾಲ. 1863ರಲ್ಲಿ ಅದೇ ವಿಷಯವನ್ನ ಗಣಿತ ತೆಗೆದು ಮತ್ತೆ ಬರೆದರು. ಅದೂ ಓಡಲಿಲ್ಲ. ಜೊತೆಗೆ ಕಣ್ಣೂ ಮಂಜಾಗ್ತಾ ಬಂತು. ತೀರಿಕೊಂಡದ್ದು 1877ರಲ್ಲಿ.

ಆರು ವರ್ಷ ಬಿಟ್ಟು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಬೆರ್ಟ್ರಾಂ ತಕರಾರು ತೆಗೆದರು: ಮಾಲೀಕರು ನಿಗದಿ ಮಾಡೋದು ಬೆಲೆಯನ್ನ, ಎಷ್ಟು ಪೀಪಾಯಿ ಅನ್ನೋದನ್ನಲ್ಲ; ಪೈಪೋಟಿಯಲ್ಲಿ ಒಬ್ಬರಿಗಿಂತ ಒಬ್ಬರು ಇಳಿಸ್ತಾ ಹೋದರೆ ಬೆಲೆಗೆ ತಳವೇ ಇರಲ್ಲ ಅಂತ. ತಕರಾರು ಗಟ್ಟಿಯಾದದ್ದೇ. ಆದರೆ ಎಲ್ಲ ಸರಕಿಗೂ ಹೊಂದಲ್ಲ. ಕಚ್ಚಾ ತೈಲ ನೋಡಿ: ತೈಲ ರಫ್ತು ಮಾಡೋ ದೇಶಗಳ ಕೂಟ ಒಪೆಕ್, ಅದರ ದೇಶಗಳು ಕೂತು ಹಂಚಿಕೊಳ್ಳೋದು ದಿನಕ್ಕೆ ಯಾರು ಎಷ್ಟು ಬ್ಯಾರೆಲ್ ಅನ್ನೋದನ್ನ. ಆ ಕೋಟಾ ಮೀರಿ ಯಾರಾದರೂ ತೈಲ ತೆಗೆದರೆ, ಅದೇ ನಮ್ಮ ನಾಲ್ಕೂವರೆ ಪೀಪಾಯಿ.