ಗೌನ್ ಹಾಕಿ ಒಮ್ಮೆ ಕೂತು ನೋಡಿ

ಆಕಾಶವಾಣಿ ಮಂಗಳೂರಿನ ಕೇಳುಗರಿಗೆ ನಮಸ್ಕಾರ. ಮದುವೆ ಗೌನಿನ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕರೆದಿದ್ದಾರೆ. ಹತ್ತು ನಿಮಿಷದಲ್ಲಿ ನನಗೆ ಒಂದು ಝಿಪ್ ಕೂರಿಸಲಿಕ್ಕೂ ಆಗುವುದಿಲ್ಲ, ಆದರೂ ನೋಡುವ. ಈಗ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ರೇಡಿಯೋ ಕೇಳುತ್ತಿರುವ ಒಬ್ಬ ಅಮ್ಮನನ್ನು ನಾನು ಎದುರಿಗೆ ಕೂರಿಸಿಕೊಂಡಿದ್ದೇನೆ. ಬರುವ ಮೇ ತಿಂಗಳಲ್ಲಿ ಅವರ ಮಗಳ ಮದುವೆ. ಹಾಲ್ ಬುಕ್ ಆಗಿದೆ, ಗೌನ್ ಆಗಿಲ್ಲ. ನಾನು ಮಾತಾಡುವುದು ಅವರ ಹತ್ತಿರ. ಉಳಿದವರೂ ಕೇಳಬಹುದು, ಅಡ್ಡಿಯಿಲ್ಲ.

ಅಕ್ಕಾ, ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಟ್ರಯಲ್‌ಗೆ ಹೋದಾಗ ಮಗಳನ್ನು ಕನ್ನಡಿ ಮುಂದೆ ನಿಲ್ಲಿಸಿ, ಚಂದ ಉಂಟು ಅಂತ ಹೇಳಿ ಬರಬೇಡಿ. ಒಂದು ಕುರ್ಚಿ ತರಿಸಿ. ಕೂರಿಸಿ. ಆಮೇಲೆ ನೆಲದಲ್ಲಿ ಮೊಣಕಾಲೂರಿಸಿ. ಎರಡು ಮೆಟ್ಟಿಲು ಹತ್ತಿಸಿ. ಇಷ್ಟಾದ ಮೇಲೆ ಬಾಕಿ ದುಡ್ಡು ಕೊಡಿ.

ಈಗ ಹುಡುಗಿಯರು ಗೌನ್ ಆರಿಸುವುದು ಮೊಬೈಲಿನಲ್ಲಿ. ಮೊಬೈಲಿನ ಹುಡುಗಿ ಯಾವಾಗಲೂ ನಿಂತೇ ಇರುತ್ತಾಳೆ. ಅವಳು ಕೂತದ್ದನ್ನು ನೀವು ನೋಡಿದ್ದುಂಟಾ? ಇಗರ್ಜಿಯಲ್ಲಿ ಮದುವೆಯ ಪೂಜೆ ಅಂದರೆ ಹೆಚ್ಚುಕಡಿಮೆ ಒಂದು ಗಂಟೆ. ಫಾದರ್ ಪ್ರಸಂಗ ಮಾಡುವಾಗ ಕೂರಬೇಕು, ಗಂಟೆ ಬಾರಿಸಿದಾಗ ಮೊಣಕಾಲೂರಬೇಕು, ಮತ್ತೆ ಏಳಬೇಕು. ಹಿಂದೂ ಮನೆಗಳಲ್ಲಿ, ಬ್ಯಾರಿ ಮನೆಗಳಲ್ಲಿ ಕೂಡ ಈಗ ರಿಸೆಪ್ಷನ್‌ಗೆ ಗೌನ್ ಬಂದಿದೆ. ನಮಗೆ ಮೊಣಕಾಲೂರಲಿಕ್ಕಿಲ್ಲವಲ್ಲ ಅನ್ನಬೇಡಿ. ಸ್ಟೇಜಿನ ಮೇಲೆ ಆ ತಗ್ಗು ಸೋಫಾ ಉಂಟಲ್ಲ, ಅದು ಇಗರ್ಜಿಯ ಬೆಂಚಿಗಿಂತ ಕಷ್ಟ.

ಬಿಳಿ ಗೌನ್ ಹಿಂದಿನಿಂದ ಬಂದ ಶಾಸ್ತ್ರ ಅಂತ ತುಂಬ ಜನ ತಿಳಿದಿದ್ದಾರೆ. ಹಾಗೇನಿಲ್ಲ. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿ ಬಿಳಿ ಸ್ಯಾಟಿನ್, ಅದರ ಮೇಲೆ ಹಾನಿಟನ್ ಲೇಸ್ ಹಾಕಿ ಮದುವೆಯಾದಳು. ಅಲ್ಲಿಂದ ಮೇಲೆ ಬಿಳಿಗೆ ಬೆಲೆ ಬಂತು. ಅದಕ್ಕೆ ಮೊದಲು ಇಂಗ್ಲೆಂಡಿನ ಹುಡುಗಿಯರೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಮದುವೆಯಾಗುತ್ತಿದ್ದರು, ಬಣ್ಣ ಯಾವುದಾದರೂ ಆಗುತ್ತಿತ್ತು. ನಮ್ಮ ಕೊಂಕಣಿ ಕ್ರೈಸ್ತರ ಮದುಮಗಳಿಗೆ ಸಾಡೊ, ಅಂದರೆ ಮದುವೆಯ ಕೆಂಪು ಸೀರೆ, ಇತ್ತು, ಈಗಲೂ ಉಂಟು.

ಇನ್ನು ಗೌನಿನ ಮಾದರಿಗಳು. ಹೆಸರು ಐವತ್ತು ಉಂಟು, ನಿಮಗೆ ನಾಲ್ಕು ಸಾಕು. ಸೊಂಟದಿಂದ ಕೆಳಗೆ ಗೋಪುರದ ಹಾಗೆ ಉಬ್ಬಿದ್ದು ಬಾಲ್ ಗೌನ್. ಒಳಗೆ ಕ್ಯಾನ್‌ಕ್ಯಾನ್, ಅಂದರೆ ಗಟ್ಟಿ ನೆಟ್ಟಿನ ಒಳಲಂಗ, ಇರುತ್ತದೆ. ಕೂರಲಿಕ್ಕೆ ಆಗುತ್ತದೆ, ಆದರೆ ಕಾರಿನಲ್ಲಿ ಪಕ್ಕದಲ್ಲಿ ಬೇರೆ ಯಾರೂ ಕೂರುವ ಹಾಗಿಲ್ಲ. ಮೇಲಿನಿಂದ ಕೆಳಗೆ ಮೆಲ್ಲಗೆ ಅಗಲವಾಗುತ್ತಾ ಹೋಗುವುದು ಎ-ಲೈನ್. ಆ ಹೆಸರು ಕೊಟ್ಟದ್ದು ಪ್ಯಾರಿಸಿನ ಕ್ರಿಶ್ಚಿಯನ್ ಡಿಯೋರ್, 1955ರಲ್ಲಿ. ನನ್ನ ಓಟು ಇದಕ್ಕೇ. ಎದೆಯ ಕೆಳಗೇ ಸೊಂಟದ ಹೊಲಿಗೆ ಬಂದು ಕೆಳಗೆ ಸಡಿಲವಾಗಿ ಇಳಿದರೆ ಎಂಪೈರ್. ನಾಲ್ಕನೆಯದು ಮರ್ಮೇಡ್, ನಾವು ಟೈಲರ್‌ಗಳು ಫಿಶ್ ಕಟ್ ಅನ್ನುತ್ತೇವೆ. ಮಂಡಿಯ ತನಕ ಮೈಗೆ ಅಂಟಿ, ಕೆಳಗೆ ಮೀನಿನ ಬಾಲದ ಹಾಗೆ ಬಿಚ್ಚಿಕೊಳ್ಳುತ್ತದೆ.

ಈ ಫಿಶ್ ಕಟ್ಟಿನ ಕತೆ ಹೇಳಲೇಬೇಕು. ತಪ್ಪು ನನ್ನದೇ.

ನಾನು ಅಂಗಡಿ ಹಾಕಿ ಎರಡು ವರ್ಷ ಆಗಿತ್ತು. ಮೂಡುಬಿದಿರೆ ಕಡೆಯ ಹುಡುಗಿ, ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ತಂದಳು. ಇದೇ ಬೇಕು ಆಂಟಿ, ಒಂದು ಇಂಚು ಆಚೆ ಈಚೆ ಆಗಬಾರದು ಅಂದಳು. ಒಂದು ಇಂಚೂ ಬಿಡಲಿಲ್ಲ ನಾನು. ದಪ್ಪ ಸ್ಯಾಟಿನ್, ನೇರ ಕಟ್ಟಿಂಗ್, ಸ್ವಲ್ಪವೂ ಹಿಗ್ಗದ ಬಟ್ಟೆ. ಘೇರು ಶುರುವಾದದ್ದು ಮಂಡಿಯಿಂದ ನಾಲ್ಕು ಇಂಚು ಕೆಳಗೆ. ಟ್ರಯಲ್‌ನಲ್ಲಿ ನಿಂತಳು, ತಿರುಗಿದಳು. ಅಮ್ಮ ಕಣ್ಣೊರೆಸಿಕೊಂಡರು. ನನಗೂ ಹೆಮ್ಮೆ. ಕುರ್ಚಿ ಅಲ್ಲೇ ಇತ್ತು ಮಾರಾಯ್ರೆ, ಅದರ ಮೇಲೆ ನಾನೇ ನನ್ನ ಟೇಪು, ಕತ್ತರಿ ಇಟ್ಟಿದ್ದೆ!

ಮದುವೆಗೆ ನನ್ನನ್ನೂ ಕರೆದಿದ್ದರು. ಮೂರನೇ ಬೆಂಚಿನಲ್ಲಿದ್ದೆ. ಹುಡುಗಿ ನಡೆದು ಬಂದದ್ದು ಸಣ್ಣ ಸಣ್ಣ ಹೆಜ್ಜೆ, ಜನ ನಾಚಿಕೆ ಅಂದುಕೊಂಡರು. ಪ್ರಸಂಗಕ್ಕೆ ಎಲ್ಲರೂ ಕೂತಾಗ ಅವಳು ಕುರ್ಚಿಯ ತುದಿಯಲ್ಲಿ ಕಾಗೆ ಕೂತ ಹಾಗೆ ಕೂತಳು. ಆಗಲೇ ನನ್ನ ಎದೆ ಹೊಡೆದುಕೊಳ್ಳಲು ಶುರು. ಗಂಟೆ ಬಾರಿಸಿತು. ಇಡೀ ಇಗರ್ಜಿ ಮೊಣಕಾಲೂರಿತು. ಅವಳು ಅರ್ಧ ಬಗ್ಗಿದಳು, ನಿಂತಳು, ಮತ್ತೆ ಬಗ್ಗಿದಳು. ಅಷ್ಟು ನಿಶ್ಶಬ್ದದಲ್ಲಿ ಚರ್ರ್ ಅಂತ ಒಂದು ಸದ್ದು. ಆ ಸದ್ದು ಯಾವ ಹೊಲಿಗೆಯದ್ದು ಅಂತ ನನಗೆ ಮೂರನೇ ಬೆಂಚಿನಿಂದಲೇ ಗೊತ್ತಾಯಿತು. ಎಡಬದಿ, ಸೊಂಟದಿಂದ ತೊಡೆಯವರೆಗೆ ಒಂದು ಗೇಣು.

ಜೊತೆಗಿದ್ದ ಬ್ರೈಡ್ಸ್‌ಮೇಡ್ ಜಾಣೆ, ವೇಲನ್ನು ಎಳೆದು ಎಡಗಡೆಗೆ ಇಳಿಬಿಟ್ಟಳು. ಪೂಜೆ ಮುಗಿದು ರಿಜಿಸ್ಟರಿಗೆ ಸಹಿ ಹಾಕಲು ಬಲಿಪೀಠದ ಹಿಂದಿನ ಕೋಣೆಗೆ ಹೋದರಲ್ಲ, ನಾನೂ ನುಗ್ಗಿದೆ. ಪರ್ಸಿನಲ್ಲಿ ಸೂಜಿ ಇತ್ತು, ನೂಲು ಮಾತ್ರ ಹಾಲುಬಿಳಿ, ಗೌನ್ ಕೆನೆಬಣ್ಣ. ಅವಳು ಮೇಜಿಗೆ ಬಗ್ಗಿ ಹೆಸರು ಬರೆಯುತ್ತಿದ್ದಾಳೆ, ನಾನು ಕೆಳಗೆ ಕೂತು ಹೊಲಿಯುತ್ತಿದ್ದೇನೆ. ಚುಚ್ಚಬೇಡಿ ಆಂಟಿ, ಚುಚ್ಚಬೇಡಿ ಆಂಟಿ ಅಂತ ಪಿಸುಗುಡುತ್ತಲೇ ಸಹಿ ಹಾಕಿದಳು. ಫಾದರ್ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು, ಪಾಪ. ಬಾಗಿಲಲ್ಲಿ ಅವಳ ಅಜ್ಜಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಇದು ಮದುಮಗಳಿಗೆ ಹೊಲಿದದ್ದಾ, ಅಂಗಡಿಯ ಗೊಂಬೆಗಾ?" ಸಂಜೆ ಹಾಲ್‌ನಲ್ಲಿ ಸಾಡೊ ಉಡಿಸಿದ ಮೇಲೆ ಆ ಹುಡುಗಿ ಕುರ್ಚಿಗೆ ಬೆನ್ನು ಕೊಟ್ಟು ಕೂತದ್ದನ್ನು ನಾನು ದೂರದಿಂದ ನೋಡಿದೆ. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಆದದ್ದೇನು ಅಂದರೆ, ಕೂತಾಗ ಸೊಂಟದ ಕೆಳಗಿನ ಸುತ್ತಳತೆ ಒಂದೂವರೆ, ಎರಡು ಇಂಚು ಹಿಗ್ಗುತ್ತದೆ. ನಾನು ನಿಲ್ಲಿಸಿ ಮಾತ್ರ ಅಳತೆ ತೆಗೆದಿದ್ದೆ. ನಿಮ್ಮ ಟೈಲರ್ ಕೂರಿಸಿ ಅಳತೆ ತೆಗೆಯದಿದ್ದರೆ ನೀವೇ ಹೇಳಿ. ಫಿಶ್ ಕಟ್ಟೇ ಬೇಕು ಅಂತ ಮಗಳ ಹಠ ಇದ್ದರೆ ಘೇರು ಮಂಡಿಗಿಂತ ಮೇಲೆ ಶುರುವಾಗಲಿ, ಬಟ್ಟೆಯನ್ನು ಕ್ರಾಸ್ ಕತ್ತರಿಸಲಿ. ಓರೆಯಾಗಿ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ, ಮೈಯೊಟ್ಟಿಗೆ ಬಗ್ಗುತ್ತದೆ. ಪ್ಯಾರಿಸಿನ ಮ್ಯಾಡಲೀನ್ ವಿಯೊನೆ ಅನ್ನುವ ಹೆಂಗಸು 1920ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದಾಳೆ. ಬಟ್ಟೆ ಹೆಚ್ಚು ಹೋಗುತ್ತದೆ, ಹೋಗಲಿ.

ನನ್ನದು ಸಣ್ಣ ಅಂಗಡಿ, ಬಿಡಿ. 1981ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಡಯಾನಾಳ ಮದುವೆ ಗೌನ್ ಮಾಡಿದವರು ಡೇವಿಡ್ ಮತ್ತು ಎಲಿಜಬೆತ್ ಇಮಾನ್ಯುಯೆಲ್. ರೇಷ್ಮೆಯ ಟಫೆಟಾ, ಹತ್ತು ಸಾವಿರ ಮುತ್ತು, ಹಿಂದೆ ನೆಲದಲ್ಲಿ ಎಳೆದುಕೊಂಡು ಬರುವ 25 ಅಡಿಯ ಟ್ರೇಲ್. ಅವಳು ಸಾರೋಟಿನಲ್ಲಿ ಅಪ್ಪನ ಪಕ್ಕ ಕೂತು ಬಂದಳು, ಇಳಿದಾಗ ಇಡೀ ಜಗತ್ತು ನೋಡಿದ್ದು ಸುಕ್ಕು. ಟಫೆಟಾ ಅಂದರೆ ಹಾಗೇ, ಕೂತರೆ ಕಾಗದ. ಅವಳ ಸೊಸೆ ಕೇಟ್ 2011ರಲ್ಲಿ ಮದುವೆಯಾದಾಗ ಅಲೆಕ್ಸಾಂಡರ್ ಮೆಕ್ವೀನ್ ಸಂಸ್ಥೆಯ ಸಾರಾ ಬರ್ಟನ್ ಇಟ್ಟ ಟ್ರೇಲ್ ಒಂಬತ್ತು ಅಡಿಯ ಸುಮಾರಿಗೆ. ನಮ್ಮಲ್ಲಿ ನಾಲ್ಕು ಅಡಿ ಧಾರಾಳವಾಯಿತು. ಹಿಂದೆ ಒಂದು ಲೂಪ್, ಒಂದು ಗುಂಡಿ ಇಡಿಸಿ, ಡ್ಯಾನ್ಸಿಗೆ ಎತ್ತಿ ಸಿಕ್ಕಿಸಲಿಕ್ಕೆ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡು ನಿಮಿಷವಂತೆ. ಬಟ್ಟೆಯ ಬಗ್ಗೆ ಬರೆದುಕೊಂಡು ಬಂದದ್ದು ಒಂದು ಪುಟ ಹಾಗೇ ಉಳಿಯಿತು.

ಬೇಗ ಬೇಗ ಹೇಳುತ್ತೇನೆ. ಮೇ ತಿಂಗಳ ನಮ್ಮ ಸೆಕೆಗೆ ಪಾಲಿಯೆಸ್ಟರ್ ಲೈನಿಂಗ್ ಬೇಡ, ಎದೆ ಬೆನ್ನಿಗೆ ತೆಳು ಹತ್ತಿ ಹಾಕಿಸಿ. ಕ್ಯಾನ್‌ಕ್ಯಾನ್ ಅಂಚಿಗೆ ಮೆದು ಪಟ್ಟಿ ಕೊಡದಿದ್ದರೆ ಸೊಂಟ ತರಚುತ್ತದೆ, ಅದು ಗೊತ್ತಾಗುವುದೂ ಕೂತಾಗಲೇ. ಮದುವೆ ದಿನದ ಚಪ್ಪಲಿ ಹಾಕಿಕೊಂಡೇ ಉದ್ದ ಅಳೆಯಿಸಿ. ಮದುವೆ ಮುಗಿದ ಮೇಲೆ ಗೌನನ್ನು ಪ್ಲಾಸ್ಟಿಕ್ ಕವರಿನಲ್ಲಿ ತೂಗಿಸಿಟ್ಟರೆ ಜೂನ್ ಮಳೆಗೆ ಫಂಗಸ್ ಹಿಡಿಯುತ್ತದೆ. ಡ್ರೈಕ್ಲೀನ್ ಮಾಡಿಸಿ, ತೊಳೆದ ಹಳೆಯ ಬಿಳಿ ಮುಂಡಿನಲ್ಲಿ ಸುತ್ತಿ ಇಡಿ. ಬಾಡಿಗೆಗೆ ತರುವವರು ಸಂಕೋಚ ಪಡಬೇಡಿ, ಬುದ್ಧಿವಂತರು ನೀವು. ಆದರೆ ಬಾಡಿಗೆ ಅಂಗಡಿಯಲ್ಲೂ ಕುರ್ಚಿ ಕೇಳಿ.

ನನ್ನ ಟ್ರಯಲ್ ರೂಮಿನಲ್ಲಿ ಈಗ ಒಂದು ಹಳೆಯ ಬೆಂಚು ಉಂಟು, ಮುಂದೆ ಮೊಣಕಾಲೂರುವ ಹಲಗೆ ಕೂಡ ಇರುವಂಥದ್ದು. ಗುಜರಿಯಲ್ಲಿ ಸಿಕ್ಕಿತು. ಮೊನ್ನೆ ಒಬ್ಬಳು ಬಂದವಳು ಅದನ್ನು ನೋಡಿ, ಇಲ್ಲಿ ಪ್ರಾರ್ಥನೆ ಕೂಡ ಮಾಡಬೇಕಾ ಅಂತ ಕೇಳಿದಳು. ಹೌದು, ಹೊಲಿಗೆ ನಿಲ್ಲಲಿ ಅಂತ ಮಾಡು ಅಂದೆ. ನಮಸ್ಕಾರ.