‘ಬರಬೇಕಾದ ಅಂಕಿ’ಯನ್ನು ಪರೀಕ್ಷೆಗೆ ಒಡ್ಡಿದಾಗ
(ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಗೆಳೆಯರೇ,

ಓಸಿ ಆಡುವವರು ಹಿಂದಿನ ದಿನಗಳ ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಇವತ್ತಿನದನ್ನು ಊಹಿಸುವುದು ನಮ್ಮ ಊರಿಗೆ ಹೊಸದಲ್ಲ. ಆನ್‌ಲೈನ್ ಕ್ಯಾಸಿನೊ ಆ ಚೀಟಿಯನ್ನು ತಾನೇ ಬರೆದುಕೊಡುತ್ತದೆ: ರೂಲೆಟ್ (ತಿರುಗುವ ಚಕ್ರದಲ್ಲಿ ಚೆಂಡು ಯಾವ ಅಂಕಿಯ ಮೇಲೆ ನಿಲ್ಲುತ್ತದೆಂದು ಪಣ ಕಟ್ಟುವ ಆಟ) ಚಕ್ರದ ಪಕ್ಕದಲ್ಲೇ ಹಿಂದಿನ ಸುತ್ತುಗಳ ಅಂಕಿಗಳ ಸಾಲು. ಇಷ್ಟೊಂದು ಔದಾರ್ಯ ಏಕೆಂದು ಆಟಗಾರ ಕೇಳುವುದಿಲ್ಲ.

ಯುರೋಪಿನ ಚಕ್ರದಲ್ಲಿ 0ಯಿಂದ 36ರವರೆಗೆ 37 ಅಂಕಿಗಳಿವೆ; 0 ಬಿಟ್ಟರೆ ಅರ್ಧ ಕೆಂಪು, ಅರ್ಧ ಕಪ್ಪು. ‘50 ಸುತ್ತುಗಳಲ್ಲಿ 17 ಬಂದಿಲ್ಲ, ಇನ್ನು ಬರಲೇಬೇಕು’ ಎನ್ನುವುದು ಒಂದು ಜನಪ್ರಿಯ ಸೂತ್ರ. ಲೆಕ್ಕ ಹಾಕಿ ನೋಡಿ. ಒಂದು ಅಂಕಿ 50 ಸುತ್ತುಗಳಲ್ಲಿ ಒಮ್ಮೆಯೂ ಬಾರದಿರುವ ಸಂಭವ 36/37ರ 50ನೇ ಘಾತ, ಅಂದರೆ ಶೇ 25ರಷ್ಟು. ಹಾಗಾಗಿ 50 ಸುತ್ತು ಮುಗಿದರೂ ಸರಾಸರಿ ಒಂಬತ್ತು ಅಂಕಿಗಳು ಮುಖವನ್ನೇ ತೋರಿಸಿರುವುದಿಲ್ಲ. ‘ಬರಬೇಕಾದ’ ಅಂಕಿಗೆ ಎಂದೂ ಬರವಿಲ್ಲ! ಮುಂದಿನ ಸುತ್ತಿನಲ್ಲಿ ಅದು ಬರುವ ಸಂಭವ ಮಾತ್ರ ಮೊದಲಿನಂತೆ 37ರಲ್ಲಿ ಒಂದು.

ಲೆಕ್ಕದ ಮೇಲೆ ನಂಬಿಕೆ ಇಲ್ಲದವರು ಪರೀಕ್ಷೆ ಮಾಡಬಹುದು. ಆದರೆ ಸೂತ್ರ ಹೊಳೆದದ್ದು ಯಾವ ಅಂಕಿಗಳನ್ನು ನೋಡಿಯೋ, ಅವುಗಳ ಮೇಲೆಯೇ ಅದನ್ನು ಪರೀಕ್ಷಿಸಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ಸೂತ್ರವನ್ನು ಮೊದಲು ಬರೆದಿಟ್ಟು, ಆಮೇಲೆ ಹೊಸದಾಗಿ 3,700 ಸುತ್ತುಗಳನ್ನು ದಾಖಲಿಸಿ. ಚಕ್ರ ಯಾವ ಅಂಕಿಗೂ ಪಕ್ಷಪಾತ ತೋರದಿದ್ದರೆ ಪ್ರತಿ ಅಂಕಿಯೂ ಸುಮಾರು 100 ಬಾರಿ ಬರಬೇಕು. ಅದರಿಂದಾಚೆಗಿನ ಏರುಪೇರು ಸಹಜವೋ ಅಲ್ಲವೋ ಎಂದು ಅಳೆಯಲು ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ವರ್ಗ ಪರೀಕ್ಷೆ ಇದೆ. ಪ್ರತಿ ಅಂಕಿ ಬಂದ ಸಲಕ್ಕೂ 100ಕ್ಕೂ ಇರುವ ವ್ಯತ್ಯಾಸದ ವರ್ಗವನ್ನು 100ರಿಂದ ಭಾಗಿಸಿ, 37 ಅಂಕಿಗಳದ್ದನ್ನೂ ಕೂಡಿಸಿ; ಆ ಮೊತ್ತ 51 ದಾಟಿದರೆ ಅನುಮಾನ ಪಡಬಹುದು. ಆದರೂ ಪ್ರಾಮಾಣಿಕ ಚಕ್ರವೂ ಇಪ್ಪತ್ತರಲ್ಲಿ ಒಮ್ಮೆ ಆ ಗಡಿ ದಾಟುತ್ತದೆ. (ಸಂಖ್ಯಾಶಾಸ್ತ್ರ ದೂರದ ವಿದ್ಯೆ ಎಂದುಕೊಳ್ಳಬೇಡಿ, ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ಇಲ್ಲೇ ಪಕ್ಕದ ಹೂವಿನಹಡಗಲಿಯಲ್ಲಿ.)

ಇನ್ನೊಂದು, ಸೋತಾಗಲೆಲ್ಲ ಪಣವನ್ನು ದುಪ್ಪಟ್ಟು ಮಾಡುವ ಸೂತ್ರ. ಕೆಂಪಿಗೆ 10 ರೂಪಾಯಿಯಿಂದ ಶುರು ಮಾಡಿ ಸತತ ಹತ್ತು ಸಲ ಸೋತರೆ 10,230 ರೂಪಾಯಿ ಹೋಗಿರುತ್ತದೆ. ಮುಂದಿನ ಪಣ 10,240, ಗೆದ್ದರೆ ಒಟ್ಟು ಲಾಭ ಹತ್ತೇ ರೂಪಾಯಿ. ಅಷ್ಟರೊಳಗೆ ಕ್ಯಾಸಿನೊದ ಪಣದ ಮಿತಿ ಅಡ್ಡ ಬರಬಹುದು. ಹೀಗೆ ಹೊಸದಾಗಿ ಶುರು ಮಾಡಿದ ಸುಮಾರು 780 ಪ್ರಯತ್ನಗಳಲ್ಲಿ ಒಮ್ಮೆ ಸತತ ಹತ್ತು ಸೋಲು ಬರುತ್ತದೆ. ಅದಕ್ಕೇ ಈ ಸೂತ್ರ ಹಲವು ಸಂಜೆ ಗೆಲ್ಲಿಸುತ್ತದೆ, ಗೆದ್ದವನು ಮೊಬೈಲ್ ತೆರೆದು ಗೆಳೆಯರಿಗೆ ತೋರಿಸುತ್ತಾನೆ. 1913ರ ಆಗಸ್ಟ್ 18ರಂದು ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಸತತ 26 ಬಾರಿ ಕಪ್ಪು ಬಂತು. ‘ಈಗ ಕೆಂಪಿನ ಸರದಿ’ ಎಂದು ಕಟ್ಟುತ್ತಲೇ ಹೋದವರು ಬರಿಗೈಯಾದರು.

ಕ್ಯಾಸಿನೊ ಮೋಸ ಮಾಡಬೇಕಾದ ಅಗತ್ಯವೇ ಇಲ್ಲ. ಒಂದು ಅಂಕಿಗೆ ಒಂದಕ್ಕೆ 35ರಂತೆ ಕೊಡುತ್ತದೆ, ಸಮನಾದ ಆಟವಾಗಿದ್ದರೆ 36 ಕೊಡಬೇಕಿತ್ತು. ನೂರು ರೂಪಾಯಿ ಪಣಕ್ಕೆ ಸರಾಸರಿ 2.70 ರೂಪಾಯಿ ಅದರ ಪಾಲು. ಪಣವನ್ನು ಹೇಗೆ ಹೆಚ್ಚಿಸಿ ಇಳಿಸಿದರೂ ಈ ಪ್ರಮಾಣ ಕದಲುವುದಿಲ್ಲ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದರೆ ನಮ್ಮ ಪರೀಕ್ಷೆಗೆ ಹಣವೇ ಬೇಕಿಲ್ಲ, ಗಣಕ ತಾನೇ ಯಾದೃಚ್ಛಿಕ ಅಂಕಿಗಳನ್ನು ಕೊಡುತ್ತದೆ. ಸೂತ್ರ ಇರುವವರು ಹಲಗೆಯ ಮೇಲೆ ಬರೆಯಿರಿ, ಲ್ಯಾಬಿನಲ್ಲಿ ಲಕ್ಷ ಸುತ್ತು ಓಡಿಸಿ ನೋಡೋಣ.