ಜೋಕುಮಾರಸ್ವಾಮಿಯ ಹಾಡಿಗೆ ಕತ್ತರಿ ಹಾಕಬೇಡಿ

ಎಲ್ಲರಿಗೂ ನಮಸ್ಕಾರ್ರೀ. ಬಾಗಲಕೋಟೆಯಿಂದ ಮಾತಾಡ್ತಿದ್ದೇನೆ. ಇವತ್ತು ಒಂದೇ ಒಂದು ನಾಟಕದ ಮಾತು.

ಮೊನ್ನೆ ನಮ್ಮ ಕಡೆ ಒಂದು ಕಾರ್ಯಕ್ರಮದಲ್ಲಿ ಹುಡುಗರು ‘ಜೋಕುಮಾರಸ್ವಾಮಿ’ ಆಡಿದರು. ಹೌದು, ಚಂದ್ರಶೇಖರ ಕಂಬಾರರ ನಾಟಕ. ಊರ ಗೌಡ, ಅವನ ಹೆಂಡತಿ ಗೌಡತಿ, ಗೌಡನಿಗೆ ಎದುರು ನಿಂತ ಬಸಣ್ಣ, ಇವರ ಕಥೆ. ಸಂಘಟಕರು ಮೊದಲೇ ಹೇಳಿದ್ದರಂತೆ: ಒಂದು ತಾಸಿನಲ್ಲಿ ಮುಗಿಸಿ, ಹಾಡು ಕಡಿಮೆ ಮಾಡಿ, ಗೌಡತಿಯ ‘ಆ ವಿಷಯ’ ಬೇಡ, ಮನೆಮಂದಿ ಬಂದಿರ್ತಾರೆ. ಹುಡುಗರು ಪಾಪ, ಹೇಳಿದಂತೆ ಮಾಡಿದರು. ಗೌಡ ಬಂದ, ಬೈದ. ಬಸಣ್ಣ ಬಂದ, ಭಾಷಣ ಮಾಡಿದ. ನನ್ನ ಕಣ್ಣು ಮಾತ್ರ ಪೇಟಿ, ಅಂದ್ರೆ ಹಾರ್ಮೋನಿಯಂ, ಬಾರಿಸುವ ಹಿರಿಯರ ಮೇಲೆಯೇ ಇತ್ತು. ಮೊದಲು ಎರಡು ಹಾಡು, ಕೊನೆಗೆ ಒಂದು. ಉಳಿದ ಹೊತ್ತೆಲ್ಲ ಪೇಟಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ನೆ ಕೂತಿದ್ದರು. ನಾಟಕ ಮುಗಿದ ಮೇಲೆ ಪೇಟಿಗೆ ಬಟ್ಟೆ ಸುತ್ತುತ್ತಾ, "ಉಪ್ಪಿಲ್ಲದ ಅಡಿಗಿ ಆತು ನೋಡ್ರಿ" ಅಂದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಅಂತ ಹೇಳ್ತೀನಿ. ಮೊದಲು ಜೋಕುಮಾರ ಯಾರು ಅಂತ ನೆನಪು ಮಾಡಿಕೊಳ್ಳೋಣ. ಭಾದ್ರಪದದಲ್ಲಿ ಗಣಪ್ಪ ಹೋದ ಮೇಲೆ ಬರುವ ದೇವರು ಅವನು. ಬುಟ್ಟಿಯಲ್ಲಿ ಮಣ್ಣಿನ ಮೂರ್ತಿ, ಸುತ್ತ ಬೇವಿನ ತಪ್ಪಲು, ಬಾಯಿಗೆ ಬೆಣ್ಣೆ. ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆ ಮನೆಗೆ ಬಂದು ಹಾಡುತ್ತಾರೆ. ನಮ್ಮವ್ವ ಮೊರದಲ್ಲಿ ಜೋಳ ತಂದು ಹಾಕಿ, ಬೆರಳ ತುದಿಯಲ್ಲಿ ಬೆಣ್ಣೆ ತಗೊಂಡು ಅವನ ತುಟಿಗೆ ಹಚ್ಚುತ್ತಿದ್ದಳು. ಗಣಪ್ಪ ಕಡುಬು ತಿಂದು ಹೋಗಿ ಶಿವನಿಗೆ ‘ಭೂಮಿಯಲ್ಲಿ ಎಲ್ಲರೂ ಸುಖವಾಗಿದ್ದಾರೆ’ ಅಂದನಂತೆ. ಜೋಕುಮಾರ ಮಾತ್ರ ಬಡವರ ಕೇರಿ ತಿರುಗಿ, ಒಣಗಿದ ಹೊಲ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದನಂತೆ. ಆಮೇಲೆ ಮಳೆ ಬಂತು. ಈ ಕಥೆ ಹೇಳಿದ್ದು ಅಕ್ಷರ ಬಾರದ ನಮ್ಮ ಅಜ್ಜಿಯರು. ರಾಜಕೀಯ ಅಂದ್ರೆ ಇದೇ ಅಲ್ವಾ? ಮೇಲಿನವರಿಗೆ ಯಾರು ಯಾವ ಸುದ್ದಿ ಮುಟ್ಟಿಸ್ತಾರೆ ಅನ್ನೋದು.

ಅದೇ ಜೋಕುಮಾರ ಹೆಣ್ಣುಗಳ ಹಿಂದೆ ಬಿದ್ದವನೂ ಹೌದು. ಹುಣ್ಣಿಮೆಯ ಹೊತ್ತಿಗೆ ಅವನನ್ನು ಕೊಲ್ಲುತ್ತಾರೆ. ಅವನ ರಕ್ತ ಬಿದ್ದ ನೆಲ ಹಸಿರಾಗುತ್ತದೆ ಅಂತ ನಂಬಿಕೆ. ಪ್ರೀತಿ, ಮಳೆ, ಬೆಳೆ, ಸಾವು, ಎಲ್ಲಾ ಒಂದೇ ಬುಟ್ಟಿಯಲ್ಲಿ.

ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಈ ಬುಟ್ಟಿಯನ್ನು ನೋಡುತ್ತಲೇ ಬೆಳೆದವರು. ನಾಟಕದ ಗೌಡನ ಕೈಯಲ್ಲಿ ಬಂದೂಕು ಇದೆ, ಸುತ್ತ ಆಳುಗಳಿದ್ದಾರೆ, ಊರಿನ ಹೊಲವೆಲ್ಲ ತನ್ನದೇ ಅನ್ನುತ್ತಾನೆ. ಮನೆಯಲ್ಲಿ ಮಾತ್ರ ತೊಟ್ಟಿಲು ಇಲ್ಲ. ಗೌಡತಿ ಮಗುವಿಗಾಗಿ ಜೋಕುಮಾರಸ್ವಾಮಿಗೆ ನಡೆದುಕೊಳ್ಳುತ್ತಾಳೆ. ಪಡವಲಕಾಯಿ ಪಲ್ಯ ಮಾಡಿ, ಗಂಡ ಹೊಲದಲ್ಲಿದ್ದಾನೆ ಅಂತ ರಾತ್ರಿ ಬುತ್ತಿ ಒಯ್ಯುತ್ತಾಳೆ. ಕತ್ತಲಲ್ಲಿ ಅದನ್ನು ಉಂಡವನು ಬಸಣ್ಣ. ಗೌಡತಿ ಬಸುರಾಗುವುದು ಅವನಿಂದಲೇ. ಈ ಹೊಲ ದುಡಿದವನದು ಅಂತ ಗೌಡನಿಗೆ ಎದುರು ನಿಂತ ಅದೇ ಬಸಣ್ಣ. ಕೊನೆಗೆ ಗೌಡನ ಕಡೆಯವರು ಅವನನ್ನು ಮುಗಿಸುತ್ತಾರೆ.

ಈಗ ಹೇಳಿ, ಇದರಲ್ಲಿ ಪ್ರೇಮದ ಭಾಗ ಯಾವುದು, ರಾಜಕೀಯದ ಭಾಗ ಯಾವುದು? ಬಿತ್ತದವನಿಗೆ ಹೊಲ ಯಾಕೆ ಅಂತ ಬಸಣ್ಣ ಕೇಳುತ್ತಾನೆ. ಗೌಡತಿಯ ಹೊಟ್ಟೆ ಅದೇ ಪ್ರಶ್ನೆಯನ್ನು ಗೌಡನ ಮನೆಯೊಳಗೇ ಕೇಳುತ್ತದೆ. ಗೌಡತಿಯ ರಾತ್ರಿಯನ್ನು ತೆಗೆದುಹಾಕಿದರೆ ಬಸಣ್ಣ ಬರೀ ಘೋಷಣೆ ಕೂಗುವವನಾಗುತ್ತಾನೆ. ಆವತ್ತು ಆದದ್ದೂ ಅದೇ.

ಇನ್ನೊಂದು ಮಾತು. ಬಿ.ವಿ. ಕಾರಂತರು ಈ ನಾಟಕವನ್ನು ಬೆಂಗಳೂರಿನಲ್ಲಿ ಆಡಿಸಿದ್ದು 1972ರಲ್ಲಿ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಉಳುವವನೇ ಹೊಲದೊಡೆಯ ಅನ್ನೋದು ಕಾನೂನಾಗುವ ಎರಡು ವರ್ಷ ಮೊದಲೇ ಬೆಳಗಾವಿ ಸೀಮೆಯ ಆಡುಮಾತಿನಲ್ಲಿ, ತಾಳದ ಜೊತೆ, ರಂಗದ ಮೇಲೆ ಬಂದಿತ್ತು. ನನಗೆ ಇದು ದೊಡ್ಡ ಹೆಮ್ಮೆ.

ಹಾಡಿನ ವಿಷಯಕ್ಕೆ ಬರ್ತೀನಿ, ನನಗೆ ಜಾಸ್ತಿ ಸಂಕಟ ಇರೋದು ಅಲ್ಲೇ. ನಮ್ಮ ಕಡೆ ಆಟದಲ್ಲಿ ಹಾಡು ಅಂದ್ರೆ ಮಾತಿನ ನಡುವಿನ ವಿರಾಮ ಅಂತ ತಿಳಿಯಬೇಡಿ. ನಮ್ಮ ಸೀಮೆಯ ಬಯಲಾಟ ಶ್ರೀಕೃಷ್ಣ ಪಾರಿಜಾತ ನೋಡಿ. ಒಂದು ಹೂವಿಗಾಗಿ ಭಾಮೆ, ರುಕ್ಮಿಣಿ, ಕೃಷ್ಣ, ಮೂವರ ನಡುವೆ ಜಗಳ. ಆದರೆ ಗೊಲ್ಲತಿ ಬಂದು, ಹಾಡಿ ಆಟ ನಡೆಸುವ ಭಾಗವತನ ಜೊತೆ ವಾದಕ್ಕೆ ನಿಂತಳು ಅಂದ್ರೆ ಊರಿನ ಸುದ್ದಿಯೆಲ್ಲ ಅಲ್ಲೇ ಬಯಲಾಗುತ್ತದೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಆ ಆಟವನ್ನು ಊರೂರಿಗೆ ಒಯ್ದರು. ಮಾತಿನಲ್ಲಿ ಹೇಳಿದರೆ ಗೌಡರಿಗೆ ಸಿಟ್ಟು ಬರುವ ಸಂಗತಿಯನ್ನು ಹಾಡಿನಲ್ಲಿ ಹೇಳಬಹುದಿತ್ತು. ಮುಂದಿನ ಸಾಲಿನಲ್ಲಿ ಕೂತ ಗೌಡರೂ ತಲೆದೂಗುತ್ತಿದ್ದರು. ಹಿಮ್ಮೇಳ ಆ ಸಾಲನ್ನು ಎರಡನೇ ಸಲ ಎತ್ತಿಕೊಂಡಾಗ ಹಿಂದೆ ಕೂತವರು ನಗುತ್ತಿದ್ದರು. ಆ ಎರಡನೇ ಸಲ ಇದೆಯಲ್ಲ, ವಿಡಂಬನೆ ಇರೋದು ಅಲ್ಲಿ. ಸಮಯ ಇಲ್ಲ ಅಂತ ನಾವು ಮೊದಲು ಕತ್ತರಿಸುವುದೂ ಅದನ್ನೇ.

ಮಕ್ಕಳು ನೋಡ್ತಾರೆ ಅನ್ನುವವರಿಗೆ ಒಂದು ಮಾತು. ಜೋಕುಮಾರನ ಹಾಡುಗಳನ್ನು ನಮ್ಮವ್ವ ನಮ್ಮ ಮುಂದೆಯೇ ಹಾಡಿದ್ದಾಳೆ. ನಾವು ಕೆಡಲಿಲ್ಲ. ಮಳೆಗೂ ಮಗುವಿಗೂ ಒಂದೇ ದೇವರನ್ನು ಬೇಡ್ತಾರೆ ಅಂತ ತಿಳಿದುಕೊಂಡೆವು, ಅಷ್ಟೇ.

ಬಾಗಲಕೋಟೆ, ಬೆಳಗಾವಿ, ವಿಜಯಪುರದಲ್ಲಿ ನಾಟಕ ಮಾಡುವ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ ಇಷ್ಟು. ಒಂದು ತಾಸು ಕೊಡ್ತೀವಿ ಅಂದರೆ ಈ ನಾಟಕ ಒಪ್ಪಬೇಡಿ, ಬೇರೆ ಆಡಿ. ರೆಕಾರ್ಡ್ ಹಾಡು ಹಚ್ಚಬೇಡಿ. ನಿಮ್ಮ ಪಕ್ಕದ ಊರಲ್ಲೇ ಪಾರಿಜಾತದ ಮೇಳದವರು ಇರ್ತಾರೆ, ಅವರನ್ನು ಕರೆಯಿರಿ. ಶಾಲು ಹೊದಿಸಿ ಕಳಿಸಬೇಡಿ, ಕೈತುಂಬ ದುಡ್ಡು ಕೊಡಿ. ಊಟ ಮುಗಿಸಿ ರಾತ್ರಿ ಹತ್ತಕ್ಕೆ ಶುರು ಮಾಡಿ. ನನಗೊಂದು ಸುದ್ದಿ ಮುಟ್ಟಿಸಿ. ಆ ಪೇಟಿಯ ಹಿರಿಯರನ್ನು ಗಾಡಿಯಲ್ಲಿ ಕೂರಿಸಿಕೊಂಡು ನಾನೇ ಬರ್ತೀನಿ.